ಜೀನ್ಸ್ ಗಂಟು ಹೇರಿದರೆ ಟೇಲ್ ಲೈಟ್ ಕಾಣಲ್ಲ: ಮನೆಯಲ್ಲೇ ಮಾಡಿದ ಬ್ರಾಕೆಟ್ ಬಿರುಕು ಬಿಟ್ಟಿದೆ, ಮುಂದೇನು?

ಕೌಲ್‌ಬಜಾರ್ ಸ್ಪ್ಲೆಂಡರ್ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಕೌಲ್ ಬಜಾರಿನವನು. ಮನೆಯಲ್ಲಿ ಜೀನ್ಸ್ ಹೊಲಿಯುತ್ತೇವೆ. ಅಪ್ಪ ಕಟಿಂಗ್, ಅಮ್ಮ ಮತ್ತು ಅಕ್ಕ ಮಿಷನ್ ಮೇಲೆ. ಹೊಲಿದ ಪ್ಯಾಂಟುಗಳನ್ನು ಗಂಟು ಕಟ್ಟಿ ಮುಂಡರಗಿ ಕಡೆ ವಾಷಿಂಗ್‌ಗೆ ಒಯ್ಯುವುದು, ಅಲ್ಲಿಂದ ವಾಪಸ್ ತರುವುದು ನನ್ನ ಪಾಲು. ಗಾಡಿ 2009ರ ಸ್ಪ್ಲೆಂಡರ್ ಪ್ಲಸ್, ಕಿಕ್ ಸ್ಟಾರ್ಟ್. ಹಿಂದೆ ಕ್ಯಾರಿಯರ್ ಹಾಕಿಸಿದ್ದೇನೆ.

ತೊಂದರೆ ಇಷ್ಟು. ಗಂಟು ಕ್ಯಾರಿಯರ್ ಮೇಲೆ ಕೂತರೆ ಎರಡೂ ಬದಿ ಇಳಿಯುತ್ತದೆ, ಹಿಂದಕ್ಕೂ ಜೋತುಬೀಳುತ್ತದೆ. ಟೇಲ್ ಲೈಟ್ ಪೂರ್ತಿ ಮುಚ್ಚಿಹೋಗುತ್ತದೆ. ಎಷ್ಟೋ ದಿನ ನನಗೆ ಇದು ಗೊತ್ತೇ ಇರಲಿಲ್ಲ. ಗಾಡಿ ಓಡಿಸುವವನಿಗೆ ತನ್ನ ಹಿಂದಿನ ಲೈಟ್ ಕಾಣುವುದಿಲ್ಲ ಅಲ್ವಾ.

ಹಬ್ಬದ ಸೀಸನ್‌ನಲ್ಲಿ ಒಂದು ರಾತ್ರಿ ದುರ್ಗಮ್ಮ ಗುಡಿ ಅಂಡರ್‌ಬ್ರಿಡ್ಜ್ ಇಳಿಯುವಾಗ ಬ್ರೇಕ್ ಹಿಡಿದೆ. ಹಿಂದೆ ಬರುತ್ತಿದ್ದ ಗೂಡ್ಸ್ ಆಟೋ ಗಂಟಿಗೆ ಬಂದು ಗುದ್ದಿತು. ಗಂಟೇ ನನ್ನನ್ನು ಉಳಿಸಿತು, ಬಟ್ಟೆ ಮೆತ್ತಗೆ ಇತ್ತು. ಡ್ರೈವರ್ ಇಳಿದು ಬಂದು, "ತಮ್ಮಾ, ನಿನ್ನ ಗಾಡಿಗೆ ಲೈಟೇ ಇಲ್ಲವಲ್ಲೋ" ಅಂದ. ಗಂಟು ಎತ್ತಿ ನೋಡಿದೆ. ಲೈಟ್ ಒಳಗೆ ಹತ್ತಿಕೊಂಡೇ ಇತ್ತು. ಬಟ್ಟೆ ಮೇಲೆ ರೂಪಾಯಿ ಅಗಲದ ಕೆಂಪು ಬೆಳಕು, ಅಷ್ಟೇ. ತಪ್ಪು ಅವನದಲ್ಲ.

ಮರುದಿನವೇ ಗುಜರಿಯಿಂದ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ ತಂದೆ. ವೈಸ್‌ನಲ್ಲಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಿ, ಟೇಲ್ ಲೈಟನ್ನು ಐದು ಇಂಚು ಹಿಂದಕ್ಕೆ, ಮೂರು ಇಂಚು ಕೆಳಕ್ಕೆ ತಂದೆ. ಚೆನ್ನಾಗಿ ಕಾಣುತ್ತಿತ್ತು. 19ನೇ ದಿನ ಗಾಡಿ ಒರೆಸುವಾಗ ನೋಡಿದರೆ ಬಗ್ಗಿಸಿದ ಜಾಗದಲ್ಲಿ ಬಿರುಕು. ಕೈಯಲ್ಲಿ ಅಲುಗಿಸಿದರೆ ಲೈಟ್ ತಲೆ ಆಡಿಸುತ್ತದೆ.

ಇನ್ನೂ ದಪ್ಪ ಅಲ್ಯೂಮಿನಿಯಂ ಹಾಕಲಾ, ಕಬ್ಬಿಣ ಹಾಕಲಾ? ನನ್ನ ಹತ್ತಿರ ಇರುವುದು ಒಂದು ವೈಸ್, ಡ್ರಿಲ್ಲಿಂಗ್ ಮಿಷನ್, ಹ್ಯಾಕ್ಸಾ, ಅರ. ವೆಲ್ಡಿಂಗ್ ಇಲ್ಲ.

ಗಂಗಾವತಿ ರೈಡರ್ · ಭಾನುವಾರ ರಾತ್ರಿ

ನೀವು ಹುಷಾರಾಗಿ ಇದ್ದೀರಲ್ಲ, ಅದು ದೊಡ್ಡದು. ನಾನಾಗಿದ್ದರೆ ಲೈಟ್ ಮುಟ್ಟುತ್ತಿರಲಿಲ್ಲ. ಕ್ಯಾರಿಯರ್ ಮೇಲೆ ಒಂದು ಹಲಗೆ ಕಟ್ಟಿ ಗಂಟನ್ನೇ ಆರು ಇಂಚು ಮೇಲೆತ್ತಿ. ಲೈಟ್ ತಾನಾಗಿ ಕಾಣುತ್ತದೆ.

ಕೌಲ್‌ಬಜಾರ್ ಸ್ಪ್ಲೆಂಡರ್ · ಭಾನುವಾರ ರಾತ್ರಿ

ಮೊದಲು ಅದನ್ನೇ ಮಾಡಿದ್ದೆ ಅಣ್ಣಾ. ಭಾರ ಮೇಲೆ ಹೋದ ಹಾಗೆಲ್ಲ ಗಾಡಿ ಓಲಾಡುತ್ತದೆ. ಹಂಪ್ ದಾಟುವಾಗ ಹ್ಯಾಂಡಲ್ ಹಗುರ ಆಗುತ್ತದೆ. ಗಂಟು ಸೀಟಿನ ಮಟ್ಟದಲ್ಲೇ ಇರಬೇಕು. ಲೈಟೇ ಜಾಗ ಬದಲಿಸಬೇಕು.

ರಾಯಚೂರು ತಗಡು ಕೆಲಸ · ಸೋಮವಾರ ಬೆಳಿಗ್ಗೆ

ತಮ್ಮಾ, ದಪ್ಪ ತೆಳು ಆಮೇಲೆ ನೋಡೋಣ. ಬಿರುಕಿನ ಫೋಟೋ ಹತ್ತಿರದಿಂದ ತೆಗೆದು ಹಾಕು. ಬಿರುಕು ಸೊಟ್ಟಗೆ ಓಡಿದೆಯೋ, ಗೆರೆ ಎಳೆದ ಹಾಗೆ ನೇರ ಇದೆಯೋ? ಪಟ್ಟಿಯ ಹೊರಮೈಯಲ್ಲೋ, ಒಳಮೈಯಲ್ಲೋ?

ಕೌಲ್‌ಬಜಾರ್ ಸ್ಪ್ಲೆಂಡರ್ · ಸೋಮವಾರ ಮಧ್ಯಾಹ್ನ

ಫೋಟೋ ಹಾಕಿದ್ದೇನೆ ಅಣ್ಣಾ. ನೀವು ಕೇಳಿದ ಮೇಲೆ ಅಕ್ಕನ ಹತ್ತಿರ ಇರುವ ಭೂತಗನ್ನಡಿ ಹಿಡಿದು ನೋಡಿದೆ. ಹೊರಮೈಯಲ್ಲಿದೆ. ಸ್ಕೇಲ್ ಇಟ್ಟು ಎಳೆದಷ್ಟು ನೇರ. ಬಗ್ಗಿಸುವ ಜಾಗ ಗುರುತು ಮಾಡಲು ಮೊಳೆಯಿಂದ ಒಂದು ಗೆರೆ ಗೀರಿದ್ದೆ. ಬಿರುಕು ಸರಿಯಾಗಿ ಆ ಗೆರೆ ಮೇಲೇ ಇದೆ. ಒಂದು ತುದಿಯಲ್ಲಿ ಗೆರೆ ಮುಗಿದ ಕಡೆ ಬಿರುಕೂ ನಿಂತಿದೆ.

ರಾಯಚೂರು ತಗಡು ಕೆಲಸ · ಸೋಮವಾರ ರಾತ್ರಿ

ಅದೇ ನನ್ನ ಅನುಮಾನ ಇತ್ತು. ಆ ಗೀರೇ ಬಿರುಕಿನ ತಾಯಿ.

ನಿಧಾನವಾಗಿ ಬರೆಯುತ್ತೇನೆ, ಓದು. ಪಟ್ಟಿ ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗಿದ ಮೈಮೇಲೆ ಗೀರು ಇದ್ದರೆ ಎಳೆತವೆಲ್ಲ ಆ ಗೀರಿನ ತಳಕ್ಕೆ ಬಂದು ಸೇರುತ್ತದೆ. ನಿಮ್ಮ ಮನೆಯಲ್ಲಿ ಬಟ್ಟೆ ಹರಿಯಲು ಮೊದಲು ಕತ್ತರಿಯಿಂದ ಚಿಕ್ಕದೊಂದು ಕಚ್ಚು ಹಾಕುತ್ತಾರಲ್ಲ, ಹಾಗೆ. ಆಮೇಲೆ ಕೈಯಲ್ಲಿ ಎಳೆದರೂ ಸಾಕು, ನೇರ ಹರಿಯುತ್ತದೆ.

ಇಲ್ಲಿ ಎಳೆಯುವ ಕೈ ಇಂಜಿನ್ನಿನದು. ನಿನ್ನ ಗಾಡಿ 5000 ಆರ್‌ಪಿಎಂನಲ್ಲಿ ಒಂದು ಗಂಟೆ ಓಡಿತು ಅಂದುಕೋ. ಪಿಸ್ಟನ್ 3 ಲಕ್ಷ ಸಲ ಮೇಲೆ ಕೆಳಗೆ ಹೋಗಿ ಬಂತು. ಒಂದೇ ಸಿಲಿಂಡರ್, ಅದರ ಅದುರು ಚಾಸಿಯಲ್ಲಿ, ಅಂದರೆ ಗಾಡಿಯ ಚೌಕಟ್ಟಿನಲ್ಲಿ ಹಾದು ನಿನ್ನ ಬ್ರಾಕೆಟ್ ತುದಿಯ ತನಕ ಬರುತ್ತದೆ. ಲೈಟು ತುದಿಯಲ್ಲಿ ಕೂತು ಅಷ್ಟೂ ಸಲ ಪಟ್ಟಿಯನ್ನು ಒಂದು ಕೂದಲಷ್ಟು ಬಗ್ಗಿಸಿ ಬಿಟ್ಟಿದೆ. ಒಂದೇ ಏಟಿಗೆ ಮುರಿದದ್ದಲ್ಲ, ಲಕ್ಷಗಟ್ಟಲೆ ಸಣ್ಣ ಏಟಿಗೆ ದಣಿದದ್ದು. ಕಬ್ಬಿಣಕ್ಕೆ ಒಂದು ಮಿತಿ ಇದೆ. ಆ ಮಿತಿಯೊಳಗಿನ ಅಲುಗಾಟ ಎಷ್ಟು ಸಲ ಬಂದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಅಲುಗಾಟವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ.

ಅದಕ್ಕೇ ಈ ಜಾಗಕ್ಕೆ ಕಬ್ಬಿಣದ ಪಟ್ಟಿ ಹಾಕು. 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಸಾಕು. ಅಷ್ಟೇ ದಪ್ಪದ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ. ಬಗ್ಗಿಸುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕು, ಇಲ್ಲವೇ ಮಾರ್ಕರ್. ನಿಮ್ಮ ಮನೆಯ ಟೈಲರ್ ಸೀಮೆಸುಣ್ಣ ಆದರೆ ಇನ್ನೂ ಒಳ್ಳೆಯದು. ಮೊಳೆ ಮಾತ್ರ ಬೇಡ.

ಮತ್ತೆ, ವೈಸ್‌ನ ಚೂಪು ಅಂಚಿನ ಮೇಲೆ ಸುತ್ತಿಗೆ ಹೊಡೆದು ಮೂಲೆ ಮಾಡಬೇಡ. 10 ಅಥವಾ 12 ಮಿ.ಮೀ. ನುಣುಪು ರಾಡ್ ಒಂದನ್ನು ಪಟ್ಟಿಯ ಪಕ್ಕ ಇಟ್ಟು ಹಿಡಿದು, ಅದರ ಸುತ್ತ ಬಗ್ಗಿಸು. ಮೂಲೆ ದುಂಡಗೆ ಬಂದರೆ ಎಳೆತ ಹಂಚಿಹೋಗುತ್ತದೆ. ತೂತು ಹೊಡೆದ ಮೇಲೆ ಅಂಚಿನ ಮುಳ್ಳುಗಳನ್ನು ದೊಡ್ಡ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ತೆಗೆ. ಪಟ್ಟಿಯ ಎರಡೂ ಅಂಚಿಗೆ ಉದ್ದುದ್ದ ಅರ ಆಡಿಸು. ಅಡ್ಡ ಆಡಿಸಿದರೆ ಮತ್ತೆ ಅದೇ ಗೀರುಗಳು.

ಇದಕ್ಕೂ ದೊಡ್ಡ ಮಾತು ಇನ್ನೊಂದಿದೆ. ಒಂದೇ ಪಟ್ಟಿಯ ತುದಿಗೆ ಲೈಟ್ ನೇತುಹಾಕಬೇಡ. ಎರಡು ಕಡೆಯಿಂದ ಎರಡು ಕಾಲು ತಂದು ತ್ರಿಕೋನ ಮಾಡು. ದಪ್ಪಕ್ಕಿಂತ ತ್ರಿಕೋನ ದೊಡ್ಡದು. ಒಂಟಿ ಪಟ್ಟಿ ಬಗ್ಗುತ್ತದೆ. ತ್ರಿಕೋನ ಬಗ್ಗಬೇಕಾದರೆ ಒಂದು ಕಾಲು ಉದ್ದ ಆಗಬೇಕು, ಇನ್ನೊಂದು ಗಿಡ್ಡ ಆಗಬೇಕು. ಅದು ಅಷ್ಟು ಸುಲಭ ಅಲ್ಲ.

ಸಿಂಧನೂರು ಸವಾರ · ಸೋಮವಾರ ರಾತ್ರಿ

ಇಷ್ಟೆಲ್ಲ ಯಾಕೆ ಬ್ರೋ? ಹಿಂದಿನ ಮಡ್‌ಗಾರ್ಡ್ ಕಟ್ ಮಾಡಿ, ಸೀಟಿನ ಕೆಳಗೆ ಸಣ್ಣ ಎಲ್‌ಇಡಿ ಪಟ್ಟಿ ಅಂಟಿಸಿ. ನಾನು ಹಾಗೇ ಮಾಡಿದ್ದೇನೆ. ಗಾಡಿ ಹಗುರ ಆಗುತ್ತದೆ, ನೋಡಲೂ ಚೆಂದ.

ತೋರಣಗಲ್ಲು ಶಿಫ್ಟ್ · ಮಂಗಳವಾರ ಬೆಳಿಗ್ಗೆ

ಸಿಂಧನೂರು ತಮ್ಮಾ, ನಿನ್ನ ಗಾಡಿ ಚೆಂದ ಇರಬಹುದು, ಬೇಡ ಅನ್ನಲ್ಲ. ಆದರೆ ಅದು ಇವರ ಕೆಲಸಕ್ಕೆ ಆಗಲ್ಲ. ಸೀಟಿನ ಕೆಳಗೆ ಅಂಟಿಸಿದರೆ ಗಂಟು ಅದನ್ನೂ ಮುಚ್ಚುತ್ತದೆ. ಮಡ್‌ಗಾರ್ಡ್ ಕತ್ತರಿಸಿದರೆ ನಿಮ್ಮ ಕಡೆ ಭತ್ತದ ಗದ್ದೆಯಿಂದ ಟ್ರ್ಯಾಕ್ಟರ್‌ಗಳು ರಸ್ತೆಗೆ ತರುವ ಎರೆಮಣ್ಣು ಸೀದಾ ಲೈಟಿನ ಗಾಜಿಗೆ ಬಡಿಯುತ್ತದೆ. ಹಿಂದೆ ಅಮ್ಮನೋ ಅಕ್ಕನೋ ಕೂತರೆ ಸೆರಗಿನ ಗತಿ ಏನು? ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕು ಅಂತ ನಿಯಮ ಇರುವುದು ಸುಮ್ನೆ ಅಲ್ಲ.

ನಾನು ರಾತ್ರಿ ಪಾಳಿ ಮುಗಿಸಿ ತೋರಣಗಲ್ಲಿನಿಂದ ಬಳ್ಳಾರಿಗೆ ಬರುವವನು. ಸಂಡೂರು ಕಡೆಯಿಂದ ಅದಿರು ಲಾರಿ ಓಡಾಡುವ ದಾರಿ. ಕೆಂಪು ಧೂಳು ಕೆಂಪು ಗಾಜಿನ ಮೇಲೆ ಕೂತರೆ ಹಗಲು ಹೊತ್ತಿನಲ್ಲಿ ಕಣ್ಣಿಗೆ ಗೊತ್ತಾಗುವುದೇ ಇಲ್ಲ, ಎರಡೂ ಒಂದೇ ಬಣ್ಣ. ಬೆರಳು ಎಳೆದು ನೋಡಿದರೆ ಆಗ ಗಾಜು ಕಾಣುತ್ತದೆ. ಲೈಟ್ ಕೆಳಗೆ ಇಳಿಸಿದಷ್ಟೂ ಧೂಳು ಜಾಸ್ತಿ ಕೂರುತ್ತದೆ. ಮೂರು ಇಂಚು ಕೆಳಗೆ ಇಳಿಸಿದ್ದೀರಿ ಅಂದಿರಿ. ಗಂಟಿನ ಅಂಚು ದಾಟಲು ಎಷ್ಟು ಬೇಕೋ ಅಷ್ಟೇ ಇಳಿಸಿ. ವಾರಕ್ಕೆ ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಅದಿರಿನ ಧೂಳು ಗಾಜಿಗೆ ಗೀರು ಹಾಕುತ್ತದೆ.

ಇನ್ನೊಂದು ಮಾತು. ಲೈಟಿನ ಮುಖ ನೆಟ್ಟಗೆ ಹಿಂದಕ್ಕೆ ನೋಡಬೇಕು. ಸ್ವಲ್ಪ ಮೇಲೆ ತಿರುಗಿದರೂ ಬೆಳಕು ಆಕಾಶಕ್ಕೆ ಹೋಗುತ್ತದೆ. ಗಂಟು ಹೇರಿದಾಗ ಗಾಡಿಯ ಹಿಂಭಾಗ ಕುಸಿಯುತ್ತದಲ್ಲ, ಆಗ ಲೈಟಿನ ಮುಖ ಮೇಲೆತ್ತುವುದೋ ಕೆಳಗಿಳಿಯುವುದೋ ನೋಡಿಕೊಳ್ಳಿ. ಖಾಲಿ ಗಾಡಿಯಲ್ಲಿ ಅಳೆದು ಬ್ರಾಕೆಟ್ ಮಾಡಬೇಡಿ. ಭಾರ ಹಾಕಿ ಅಳೆಯಿರಿ.

ಕೌಲ್‌ಬಜಾರ್ ಸ್ಪ್ಲೆಂಡರ್ · ಮಂಗಳವಾರ ಮಧ್ಯಾಹ್ನ

ಭಾರ ಹಾಕಿ ಅಳೆಯುವುದು ನನಗೆ ಹೊಳೆದೇ ಇರಲಿಲ್ಲ. ಇವತ್ತೇ ಕಬ್ಬಿಣದ ಪಟ್ಟಿ ತಂದೆ.

ಬ್ರಾಕೆಟ್ ಬಿಚ್ಚಿದಾಗಲೇ ಬಲ್ಬನ್ನೂ ಎಲ್‌ಇಡಿ ಮಾಡಿಬಿಡಲಾ? ಅಂಗಡಿಯಲ್ಲಿ ಅದೇ ಹೋಲ್ಡರ್‌ಗೆ ಕೂರುವ ಎಲ್‌ಇಡಿ ಸಿಗುತ್ತಿದೆ. ಬೆಳಕು ಜಾಸ್ತಿ ಅನ್ನುತ್ತಾರೆ.

ಕೊಪ್ಪಳ ವೈರಿಂಗ್ · ಮಂಗಳವಾರ ರಾತ್ರಿ

ನಮಸ್ಕಾರ. ನಾನು ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುವವಳು. ಎಲ್‌ಇಡಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಇಂಜಿನ್ ನಿಲ್ಲಿಸಿ, ಕೀಲಿ ಆನ್ ಮಾಡಿ, ಲೈಟ್ ಸ್ವಿಚ್ ಒತ್ತಿ. ಟೇಲ್ ಲೈಟ್ ಹತ್ತಿತಾ? ಈಗ ಬ್ರೇಕ್ ಒತ್ತಿ. ಬ್ರೇಕ್ ಲೈಟ್ ಹತ್ತಿತಾ?

ನಿಮ್ಮ ಕಾಲದ ಕಿಕ್ ಸ್ಪ್ಲೆಂಡರ್‌ನಲ್ಲಿ ಟೇಲ್ ಹತ್ತುವುದಿಲ್ಲ, ಬ್ರೇಕ್ ಹತ್ತುತ್ತದೆ. ಯಾಕೆ ಅಂದರೆ ಹೆಡ್‌ಲೈಟ್ ಮತ್ತು ಟೇಲ್ ಲೈಟ್ ಇಂಜಿನ್ನಿನ ಮ್ಯಾಗ್ನೆಟ್ ಕಾಯಿಲ್‌ನಿಂದ ಸೀದಾ ಎಸಿ ಕರೆಂಟಿನಲ್ಲಿ, ಅಂದರೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕರೆಂಟಿನಲ್ಲಿ ಉರಿಯುತ್ತವೆ. ಬ್ರೇಕ್ ಲೈಟ್, ಹಾರ್ನ್, ಇಂಡಿಕೇಟರ್ ಬ್ಯಾಟರಿಯ ಡಿಸಿಯಲ್ಲಿ, ಅದು ಒಂದೇ ದಿಕ್ಕಿಗೆ ಹರಿಯುವುದು. ಹಳೆಯ ಬಲ್ಬಿಗೆ ಎಸಿಯೂ ಒಂದೇ, ಡಿಸಿಯೂ ಒಂದೇ. ಅದರ ತಂತಿ ಬಿಸಿಯಾಗಿ ಬೆಳಗುವುದು, ಕ್ಷಣದಲ್ಲಿ ಆರುವುದಿಲ್ಲ. ಎಲ್‌ಇಡಿ ಹಾಗಲ್ಲ. ಎಸಿಯ ಅರ್ಧ ಅಲೆಯಲ್ಲಿ ಬೆಳಗಿ ಇನ್ನರ್ಧದಲ್ಲಿ ಆರುತ್ತದೆ. ಗಾಡಿ ಸ್ಲೋ ಇದ್ದಾಗ ಪಟಪಟ ಮಿನುಗುತ್ತದೆ. ಹಿಂದಿನವರಿಗೆ ಕಣ್ಣು ಕುಕ್ಕುತ್ತದೆ.

ಕೆಲವರು ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಡ್ಜ್ ಹಾಕಿ ಅನ್ನುತ್ತಾರೆ. ಈ ಗಾಡಿಯಲ್ಲಿ ಕಾಯಿಲಿನ ಒಂದು ತುದಿ ಮೊದಲೇ ಚಾಸಿಗೆ ಸೇರಿರುತ್ತದೆ. ಬ್ರಿಡ್ಜಿನ ಮೈನಸ್ಸನ್ನೂ ಚಾಸಿಗೆ ಕೊಟ್ಟರೆ ಅರ್ಧ ಅಲೆ ಶಾರ್ಟ್ ಆಗುತ್ತದೆ. ಎಲ್‌ಇಡಿಯೇ ಬೇಕಾದರೆ ಟೇಲ್ ವೈರನ್ನು ಎಸಿಯಿಂದ ಬಿಡಿಸಿ, ಕೀಲಿಯಿಂದ ಬರುವ ಬ್ಯಾಟರಿ ಲೈನಿಗೆ ಕೊಡಬೇಕು. ಎಲ್‌ಇಡಿ ಎಳೆಯುವ ಕರೆಂಟ್ ಕಡಿಮೆ, ಬ್ಯಾಟರಿಗೆ ಭಾರ ಆಗಲ್ಲ.

ಇನ್ನು ಬಣ್ಣದ ಮಾತು. ಟೇಲ್ ಲೈಟಿನ ಕೆಳಮೈಯಲ್ಲಿ ಒಂದು ಬಿಳಿ ಗಾಜಿನ ಕಿಟಕಿ ಇದೆಯಲ್ಲ, ಅದರಿಂದ ನಂಬರ್ ಪ್ಲೇಟಿಗೆ ಬಿಳಿ ಬೆಳಕು ಬೀಳಬೇಕು. ಬಿಳಿ ಎಲ್‌ಇಡಿ ಹಾಕಿದರೆ ಕೆಂಪು ಗಾಜಿನಲ್ಲಿ ಬೆಳಕು ತಿಳಿಗುಲಾಬಿ ಕಾಣುತ್ತದೆ. ಕೆಂಪು ಎಲ್‌ಇಡಿ ಹಾಕಿದರೆ ಹಿಂದೆ ಒಳ್ಳೆಯ ಕೆಂಪು ಬರುತ್ತದೆ, ಆದರೆ ನಂಬರ್ ಪ್ಲೇಟೂ ಕೆಂಪಾಗುತ್ತದೆ. ಹಳೆಯ ಬಲ್ಬಿನಲ್ಲಿ ಈ ಎರಡೂ ತಂಟೆ ಇಲ್ಲ. ನನ್ನ ಮಾತು ಕೇಳಿದರೆ ಮೂಲ ಬಲ್ಬೇ ಇರಲಿ. ನಿಮ್ಮ ಲೈಟಿಗೆ ಬೆಳಕು ಕಡಿಮೆ ಆಗಿರಲಿಲ್ಲ. ಗಂಟು ಅಡ್ಡ ಬಂದಿತ್ತು ಅಷ್ಟೇ.

ವೈರ್ ಉದ್ದ ಮಾಡುವಾಗ ನೆನಪಿಡಿ: ನಿಮ್ಮ ಗಾಡಿಯಲ್ಲಿ ಕಂದು ವೈರ್ ಟೇಲ್, ಹಸಿರು ಮೇಲೆ ಹಳದಿ ಗೆರೆ ಇದ್ದದ್ದು ಬ್ರೇಕ್, ಬರೀ ಹಸಿರು ಅರ್ತ್. ಯಾರಾದರೂ ಹಿಂದೆ ವೈರಿಂಗ್ ಮುಟ್ಟಿದ್ದರೆ ಬಣ್ಣ ನಂಬಬೇಡಿ, ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ.

ಸಿರುಗುಪ್ಪ ಹಾಲು · ಬುಧವಾರ ಬೆಳಿಗ್ಗೆ

ಎಲ್ಲ ಓದಿದೆ. ನನ್ನದೂ ಇದೇ ಕಷ್ಟ, ನನ್ನದು ಹಾಲಿನ ಕ್ಯಾನು. ನಂಬರ್ ಪ್ಲೇಟ್ ಏನು ಮಾಡುವುದು? ಹೊಸ ಎಚ್‌ಎಸ್‌ಆರ್‌ಪಿ ಹಾಕಿಸಿದ್ದೇನೆ. ಅದನ್ನು ಬಿಚ್ಚಬಹುದಾ?

ತೋರಣಗಲ್ಲು ಶಿಫ್ಟ್ · ಬುಧವಾರ ಬೆಳಿಗ್ಗೆ

ಬಿಚ್ಚಬೇಡಿ. ಅದರ ಸ್ನ್ಯಾಪ್ ಲಾಕ್ ಒಂದು ಸಲ ತೆಗೆದರೆ ಮುರಿಯುತ್ತದೆ, ಮತ್ತೆ ಹಾಕಲು ಬರಲ್ಲ. ಹಾಗೆ ಮಾಡಿರುವುದೇ ಕಳ್ಳರು ಬದಲಿಸಬಾರದು ಅಂತ. ಪ್ಲೇಟಿಗೆ ಹೊಸ ತೂತನ್ನೂ ಹೊಡೆಯಬೇಡಿ. ಪ್ಲೇಟ್ ಕೂತಿರುವ ಹಿಂದಿನ ತಗಡಿನ ಬ್ರಾಕೆಟ್ ಬೇರೆ ಬೋಲ್ಟ್‌ನಲ್ಲಿ ನಿಂತಿರುತ್ತದೆ. ಆ ಬೋಲ್ಟ್ ಬಿಚ್ಚಿ, ಪ್ಲೇಟ್ ಸಮೇತ ಬ್ರಾಕೆಟ್ಟನ್ನೇ ಹಿಂದಕ್ಕೆ ತನ್ನಿ.

ಲೈಟ್ ಮಾತ್ರ ಹಿಂದೆ ಹೋಗಿ ಪ್ಲೇಟ್ ಅಲ್ಲೇ ಉಳಿದರೆ ಬಿಳಿ ಬೆಳಕು ಖಾಲಿ ಗಾಳಿಗೆ ಬೀಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 75 ಮೀಟರ್ ದೂರಕ್ಕೆ ಕಾಣಬೇಕು, ನಂಬರು 15 ಮೀಟರ್‌ನಿಂದ ಬಿಳಿ ಬೆಳಕಿನಲ್ಲಿ ಓದಲು ಬರಬೇಕು. ಇವೆರಡೂ ಸರಿ ಇದ್ದರೆ ನೀವು ಲೈಟಿನ ಕೆಲಸ ಕೆಡಿಸಿಲ್ಲ ಅಂತ ಅರ್ಥ. ಲೈಟಿನ ಜೊತೆಗಿರುವ ಕೆಂಪು ರಿಫ್ಲೆಕ್ಟರ್ ಕೂಡ ಹಿಂದಕ್ಕೆ ಬರಲಿ. ಬಲ್ಬ್ ಸುಟ್ಟ ದಿನ ಅದೊಂದೇ ಆಸರೆ.

ಯಾರಾದರೂ ವೆಲ್ಡಿಂಗ್ ಮಾಡಿಸುವುದಿದ್ದರೆ ಬ್ಯಾಟರಿ ವೈರ್ ಬಿಚ್ಚಿ, ಬ್ರಾಕೆಟ್ಟನ್ನು ಗಾಡಿಯಿಂದ ಕಳಚಿ ಹೊರಗೆ ಒಯ್ಯಿರಿ. ಗಾಡಿ ಮೇಲೇ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಕಿಡಿ ಹಾರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಕೌಲ್‌ಬಜಾರ್ ಸ್ಪ್ಲೆಂಡರ್ · ಭಾನುವಾರ ಸಂಜೆ

ಮಾಡಿ ಮುಗಿಸಿದೆ. ಒಂದೊಂದೇ ಹೇಳುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಬೆಳಿಗ್ಗೆ ಆರಕ್ಕೇ ಶುರು ಮಾಡಿದೆ. ಹತ್ತರ ಮೇಲೆ ನಮ್ಮ ಅಂಗಳದಲ್ಲಿ ಕಬ್ಬಿಣ ಮುಟ್ಟಲು ಆಗಲ್ಲ, ಅಷ್ಟು ಬಿಸಿಲು. ಮೊದಲು ಗಾಡಿ ಮೇಲೆ ದೊಡ್ಡ ಗಂಟು ಕಟ್ಟಿದೆ. ತಮ್ಮನನ್ನು ಸೀಟಿನ ಮೇಲೆ ಕೂರಿಸಿದೆ. ಪಕ್ಕದ ಮನೆಯ ಗೌಂಡಿ ಕಾಕಾನ ಹತ್ತಿರ ತೂಗುಗುಂಡು ಇಸಿದುಕೊಂಡು ಬಂದು, ಟೇಲ್ ಲೈಟಿನ ಗಾಜಿನ ಮುಂದೆ ದಾರ ಇಳಿಬಿಟ್ಟೆ. ಖಾಲಿ ಗಾಡಿಯಲ್ಲಿ ದಾರಕ್ಕೆ ಸರಿಯಾಗಿ ಇದ್ದ ಗಾಜು, ಭಾರ ಬಿದ್ದಾಗ ಮೇಲಿನ ಅಂಚು ದಾರಕ್ಕೆ ತಾಗಿ ಕೆಳ ಅಂಚು ಒಂದು ಬೆರಳು ಗಾಡಿ ಕಡೆ ಸರಿದಿತ್ತು. ಅಂದರೆ ಹಿಂಭಾಗ ಕುಸಿದಾಗ ಲೈಟ್ ನೆಲ ನೋಡುತ್ತಿತ್ತು. ತೋರಣಗಲ್ಲು ಅಣ್ಣ ಹೇಳಿದ್ದು ಕಣ್ಣಾರೆ ಕಂಡೆ. ಆ ಒಂದು ಬೆರಳಿಗೆ ತಕ್ಕ ಹಾಗೆ ಪಟ್ಟಿಯ ಕೊನೆಯ ಬಾಗು ಕೊಟ್ಟೆ.

ಎರಡು ಕಾಲು ಕ್ಯಾರಿಯರ್ ಕೂತಿರುವ ಬೋಲ್ಟ್‌ಗಳಿಂದ ಬಂದವು. ಮೂರನೆಯದು ಹಳೆಯ ಲೈಟಿನ ಜಾಗದಿಂದ. ಮೂರೂ ಸೇರುವಲ್ಲಿ ಒಂದು ಚೌಕ ತಗಡು, ಅದರ ಮೇಲೆ ಲೈಟ್, ಅದರ ಕೆಳಗೆ ನಂಬರ್ ಪ್ಲೇಟಿನ ಬ್ರಾಕೆಟ್. ಎಲ್ಲ 6 ಮಿ.ಮೀ. ಬೋಲ್ಟ್, ನೈಲಾನ್ ಇರುವ ಲಾಕ್ ನಟ್. ಗುರುತು ಪೂರ್ತಿ ಅಕ್ಕನ ಸೀಮೆಸುಣ್ಣದಲ್ಲಿ. ಮೂಲೆಗಳನ್ನು ಹಳೆಯ ಶಾಕ್ ಅಬ್ಸಾರ್ಬರ್ ರಾಡಿನ ಸುತ್ತ ಬಗ್ಗಿಸಿದೆ. ರಾಡ್ ನುಣುಪಾಗಿದ್ದರಿಂದ ಪಟ್ಟಿಯ ಒಳಮೈಯಲ್ಲಿ ಒಂದು ಕಲೆಯೂ ಬೀಳಲಿಲ್ಲ.

ಲೈಟ್ ಮತ್ತು ತಗಡಿನ ಮಧ್ಯೆ ಸೈಡ್ ಪ್ಯಾನೆಲ್‌ಗೆ ಬರುವ ರಬ್ಬರ್ ಬುಶ್ ಹಾಕಿದ್ದೇನೆ. ಮೊದಲ ಸಲ ಬೋಲ್ಟ್ ಬಿಗಿ ಮಾಡಿದಾಗ ರಬ್ಬರ್ ದೋಸೆ ಹಾಗೆ ಚಪ್ಪಟೆ ಆಯಿತು. ಆಮೇಲೆ ರಬ್ಬರಿನ ಒಳಗೆ ಚಿಕ್ಕ ಕಬ್ಬಿಣದ ಕೊಳವೆ ಕತ್ತರಿಸಿ ಕೂರಿಸಿದೆ. ಈಗ ಬೋಲ್ಟ್ ಎಷ್ಟು ಬಿಗಿದರೂ ಕೊಳವೆಗೆ ನಿಲ್ಲುತ್ತದೆ, ರಬ್ಬರ್ ತನ್ನಷ್ಟಕ್ಕೆ ಮೆತ್ತಗೆ ಇರುತ್ತದೆ.

ಮಡ್‌ಗಾರ್ಡ್‌ಗೆ ಹಾಕಿದ ಬೋಲ್ಟಿನ ತಲೆ ಒಳಗೆ, ನಟ್ ಹೊರಗೆ ಇಟ್ಟೆ. ಉಲ್ಟಾ ಇಟ್ಟರೆ ಭಾರ ಇದ್ದಾಗ ಗುಂಡಿಗೆ ಬಿದ್ದ ಕ್ಷಣ ಬೋಲ್ಟಿನ ತುದಿ ಟಯರ್ ಕೊಯ್ಯುತ್ತದೆ. ಕೊನೆಗೆ ರೆಡ್ ಆಕ್ಸೈಡ್ ಹೊಡೆದು ಮೇಲೆ ಕಪ್ಪು ಬಣ್ಣ.

ಕೌಲ್‌ಬಜಾರ್ ಸ್ಪ್ಲೆಂಡರ್ · ಭಾನುವಾರ ರಾತ್ರಿ

ಒಂದು ವಿಚಿತ್ರ ಆಗುತ್ತಿದೆ. ಲೈಟ್ ಸ್ವಿಚ್ ಆಫ್ ಇದೆ. ಬ್ರೇಕ್ ಒತ್ತಿದರೆ ಹಿಂದೆ ಏನೂ ಹತ್ತಲ್ಲ, ಮುಂದೆ ಸ್ಪೀಡೋಮೀಟರ್ ಒಳಗಿನ ಲೈಟ್ ಹತ್ತುತ್ತದೆ! ಬಿಟ್ಟರೆ ಆರುತ್ತದೆ. ಕೊಪ್ಪಳ ಮೇಡಂ, ದಯವಿಟ್ಟು ನೋಡಿ. ನಾಳೆ ಬೆಳಿಗ್ಗೆ ಗಂಟು ಒಯ್ಯಬೇಕು.

ಕೊಪ್ಪಳ ವೈರಿಂಗ್ · ಭಾನುವಾರ ರಾತ್ರಿ

ಗಾಬರಿ ಬೇಡ. ಹಸಿರು ವೈರಿನ ಜಾಯಿಂಟ್ ಬಿಟ್ಟಿದೆ, ಅಂದರೆ ಅರ್ತ್ ಇಲ್ಲ.

ಆ ಬಲ್ಬಿನೊಳಗೆ ಎರಡು ತಂತಿ ಇವೆ, ಎರಡಕ್ಕೂ ವಾಪಸ್ ದಾರಿ ಒಂದೇ, ಅದು ಅರ್ತ್. ಆ ದಾರಿ ಮುಚ್ಚಿದೆ. ಬ್ರೇಕ್ ಒತ್ತಿದಾಗ ಬಂದ ಕರೆಂಟ್ ಬ್ರೇಕಿನ ತಂತಿ ದಾಟಿ, ಹೊರಗೆ ಹೋಗಲು ಜಾಗ ಇಲ್ಲದೆ ಟೇಲಿನ ತಂತಿಯಲ್ಲಿ ಹಿಂದಕ್ಕೆ ನುಗ್ಗಿದೆ. ಅಲ್ಲಿಂದ ಕಂದು ವೈರಿನಲ್ಲಿ ಮುಂದೆ ಹೋಗಿ, ಅದೇ ವೈರಿಗೆ ಸೇರಿದ ಮೀಟರ್ ಬಲ್ಬಿನ ಮೂಲಕ ಚಾಸಿಗೆ ಇಳಿದಿದೆ. ಮೂರೂ ಸಾಲಾಗಿ ನಿಂತಾಗ ಚಿಕ್ಕ ಬಲ್ಬೇ ಹೆಚ್ಚು ಬೆಳಗುತ್ತದೆ. ಅದಕ್ಕೇ ಮೀಟರ್ ಹತ್ತುತ್ತದೆ, ಹಿಂದೆ ಕತ್ತಲು.

ವೈರ್ ಹೊಸೆದು ಟೇಪ್ ಸುತ್ತಿದ್ದೀರಿ ಅಲ್ವಾ? ಬಿಚ್ಚಿ, ಬುಲೆಟ್ ಕನೆಕ್ಟರ್ ಹಾಕಿ ಒತ್ತಿ, ಇಲ್ಲವೇ ಬೆಸುಗೆ ಹಾಕಿ. ನಮ್ಮ ಕಡೆಯ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ.

ಕೌಲ್‌ಬಜಾರ್ ಸ್ಪ್ಲೆಂಡರ್ · ಭಾನುವಾರ, ತಡರಾತ್ರಿ

ಸರಿಹೋಯಿತು ಮೇಡಂ! ಹಸಿರು ವೈರ್ ಟೇಪಿನೊಳಗೇ ಜಾರಿಕೊಂಡಿತ್ತು. ಹೊರಗಿನಿಂದ ನೋಡಿದರೆ ಚೆನ್ನಾಗೇ ಕಾಣುತ್ತಿತ್ತು. ಮೂರಕ್ಕೂ ಬೆಸುಗೆ ಹಾಕಿ, ಮೇಲೆ ಕೊಳವೆ ಏರಿಸಿದ್ದೇನೆ. ಬಾಗುವ ಕಡೆ ವೈರಿಗೆ ಎರಡು ಇಂಚು ಸಡಿಲ ಬಿಟ್ಟಿದ್ದೇನೆ. ತುಂಬಾ ಧನ್ಯವಾದ. ನೀವು ಹೇಳದಿದ್ದರೆ ಬಲ್ಬ್ ಬದಲಿಸುತ್ತಾ ಕೂರುತ್ತಿದ್ದೆ.

ಗಂಗಾವತಿ ರೈಡರ್ · ಸೋಮವಾರ ಬೆಳಿಗ್ಗೆ

ಹಲಗೆ ಹಾಕಿ ಅಂದಿದ್ದೆ, ಇದು ಅದಕ್ಕಿಂತ ಒಳ್ಳೆಯ ದಾರಿ. ಈಗ ಗಂಟು ಹೇರಿದಾಗ ಎಷ್ಟು ದೂರಕ್ಕೆ ಕಾಣುತ್ತದೆ, ಅಳೆದಿರಾ?

ಕೌಲ್‌ಬಜಾರ್ ಸ್ಪ್ಲೆಂಡರ್ · ಮಂಗಳವಾರ ರಾತ್ರಿ

ಇವತ್ತು ಅಳೆದೆವು. ಉದ್ದ ಟೇಪ್ ನಮ್ಮಲ್ಲಿ ಇಲ್ಲ, ಹೊಲಿಗೆ ಟೇಪು ಇದೆ, 60 ಇಂಚಿನದು. ಅಕ್ಕ ಹಗ್ಗಕ್ಕೆ ಅದನ್ನು ಹತ್ತು ಸಲ ಅಳೆದು ಗಂಟು ಹಾಕಿದಳು. ಅದು 15 ಮೀಟರ್ ಚಿಲ್ಲರೆ. ಅದೇ ಹಗ್ಗ ಐದು ಸಲ ಹಾಸಿದರೆ 76 ಮೀಟರ್.

ಕತ್ತಲಾದ ಮೇಲೆ ಖಾಲಿ ರಸ್ತೆಯಲ್ಲಿ ಗಂಟು ಹೇರಿ ಗಾಡಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟೆ. ಅಕ್ಕ ಹಗ್ಗ ಹಿಡಿದು ಹಿಂದಕ್ಕೆ ನಡೆದಳು. ಮೊದಲ ಹಗ್ಗಕ್ಕೆ ನಿಂತು ನಂಬರು ಪೂರ್ತಿ ಓದಿ ಹೇಳಿದಳು. ಐದನೇ ಹಗ್ಗಕ್ಕೆ ನಿಂತು ಫೋನ್ ಮಾಡಿದಳು. "ಕಾಣುತ್ತೋ, ಗಂಟಿನ ಕೆಳಗೆ ಚೆನ್ನಾಗಿ ಕಾಣುತ್ತೆ. ಈಗ ಬ್ರೇಕ್ ಒತ್ತು" ಅಂದಳು. ಒತ್ತಿದೆ. "ಹ್ಞೂಂ, ಈಗ ಜೋರಾಯಿತು" ಅಂದಳು. ಆಮೇಲೆ ಎಡಕ್ಕೆ ಸರಿದು, ಬಲಕ್ಕೆ ಸರಿದು ನೋಡಿದಳು. ಬಲಗಡೆ ಒಂದು ಮೂಲೆಯಿಂದ ಗಂಟಿನ ಕಿವಿ ಅಡ್ಡ ಬರುತ್ತಿತ್ತಂತೆ. ಇನ್ನು ಮೇಲೆ ಆ ಕಿವಿಯನ್ನು ಒಳಕ್ಕೆ ಮಡಚಿ ಕಟ್ಟುತ್ತೇವೆ.

ರಾಯಚೂರು ತಗಡು ಕೆಲಸ · ಬುಧವಾರ ಬೆಳಿಗ್ಗೆ

ಭೇಷ್ ತಮ್ಮಾ. ಅಕ್ಕನಿಗೂ ಹೇಳು. ಇನ್ನು ಒಂದು ವಾರ ಬಿಟ್ಟು ಎಲ್ಲ ನಟ್‌ಗೂ ಒಂದು ಸಲ ಪಾನಾ ಹಾಕು. ಹೊಸ ಬಣ್ಣ ಒತ್ತಿಕೊಂಡು ಬೋಲ್ಟ್ ಸ್ವಲ್ಪ ಸಡಿಲ ಆಗಿರುತ್ತದೆ. ಬಾಗಿದ ಜಾಗದಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೂ ನನಗೆ ಫೋಟೋ ಕಳಿಸು. ಬಿರುಕು ಮೊದಲು ಕಾಣುವುದು ಬಣ್ಣದಲ್ಲೇ.

ಸಿಂಧನೂರು ಸವಾರ · ಬುಧವಾರ ರಾತ್ರಿ

ಎಲ್ಲ ಓದಿದ ಮೇಲೆ ನನ್ನ ಗಾಡಿಯನ್ನೂ ರಾತ್ರಿ ಹಿಂದಿನಿಂದ ನೋಡಿದೆ. ಸೀಟಿನ ಕೆಳಗಿನ ಪಟ್ಟಿ ನೇರ ಹಿಂದೆ ನಿಂತರೆ ಕಾಣುತ್ತದೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಇಲ್ಲ. ನಂಬರ್ ಪ್ಲೇಟ್ ಪೂರ್ತಿ ಕತ್ತಲು. ಹಳೆಯ ಮಡ್‌ಗಾರ್ಡ್ ಇನ್ನೂ ಅಟ್ಟದ ಮೇಲಿದೆ. ಈ ವಾರ ಇಳಿಸುತ್ತೇನೆ. ಅದಕ್ಕೆ ಕತ್ತರಿಸಿದ ಜಾಗದಲ್ಲಿ ಜೋಡಿಸಲು ಒಳಗಿನಿಂದ ಪಟ್ಟಿ ಕೊಟ್ಟರೆ ಸಾಕಾ ಅಣ್ಣಾ?

ರಾಯಚೂರು ತಗಡು ಕೆಲಸ · ಬುಧವಾರ ರಾತ್ರಿ

ಒಳಗಿನಿಂದ ಬೇಡ, ಟಯರ್ ಇದೆ. ಹೊರಗಿನಿಂದ ಮಡ್‌ಗಾರ್ಡಿನ ಬಾಗಿಗೆ ಸರಿಯಾಗಿ ತಟ್ಟಿದ ತಗಡು ಕೊಡು, ಎರಡೂ ಬದಿ ಮೂರು ಮೂರು ಬೋಲ್ಟ್. ಕತ್ತರಿಸಿದ ಅಂಚಿನ ಫೋಟೋ ಹಾಕು, ಅಳತೆ ಹೇಳುತ್ತೇನೆ.

ಸಿರುಗುಪ್ಪ ಹಾಲು · ಗುರುವಾರ ಬೆಳಿಗ್ಗೆ

ಕೌಲ್‌ಬಜಾರ್ ತಮ್ಮಾ, ನನ್ನ ಗಾಡಿಗೆ ಎರಡೂ ಬದಿ 20 ಲೀಟರ್ ಕ್ಯಾನು, ಮಧ್ಯೆ ಮೇಲೊಂದು. ಬೆಳಗಿನ ನಾಲ್ಕೂವರೆಗೆ ಹೊರಡುತ್ತೇನೆ, ಆಗ ಪೂರ್ತಿ ಕತ್ತಲು, ಚಳಿಗಾಲದಲ್ಲಿ ಕಾಲುವೆ ಪಕ್ಕ ಮಂಜು ಬೇರೆ. ನನಗೆ ಡ್ರಿಲ್ ಹಿಡಿದು ಅಭ್ಯಾಸ ಇಲ್ಲ. ಪಟ್ಟಿ, ಬೋಲ್ಟ್ ನಾನೇ ತರುತ್ತೇನೆ. ಒಂದು ದಿನ ಸಹಾಯ ಮಾಡುತ್ತೀಯಾ?

ಕೌಲ್‌ಬಜಾರ್ ಸ್ಪ್ಲೆಂಡರ್ · ಗುರುವಾರ ಮಧ್ಯಾಹ್ನ

ಭಾನುವಾರ ಬನ್ನಿ ಅಣ್ಣಾ, ಬೆಳಿಗ್ಗೆ ಆರಕ್ಕೆ. ಕ್ಯಾನುಗಳನ್ನೂ ತನ್ನಿ, ನೀರು ತುಂಬಿಸಿ ಭಾರ ಹಾಕಿ ಅಳೆಯೋಣ. ತೂಗುಗುಂಡು ಇನ್ನೂ ಗೌಂಡಿ ಕಾಕಾಗೆ ವಾಪಸ್ ಕೊಟ್ಟಿಲ್ಲ.